ಮನೆಯಲ್ಲೇ ಹೆರಿಗೆ ಆಯ್ತು, ಕೇಸು ಆಗುತ್ತಾ?

ಪ್ರಶ್ನೆ: ಸಿಸ್ಟರ್, ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟದ ಕೂಲಿಯವರ ಲೈನ್ ಮನೆ. ಸೊಸೆಗೆ ದಿನ ತುಂಬುವ ಮೊದಲೇ ರಾತ್ರಿ ನೋವು ಬಂತು. ಮಳೆಗೆ ಮರ ಬಿದ್ದು ದಾರಿ ಕಟ್ಟಿತ್ತು, 108 ಬರಲಾಗಲಿಲ್ಲ. ಪಕ್ಕದ ಮನೆ ಅಜ್ಜಿ ಹೆರಿಗೆ ಮಾಡಿಸಿದರು. ಮಗುವಿಗೆ ಈಗ 17 ದಿನ. ಕೇಸು ಹಾಕ್ತಾರೆ, ಅಜ್ಜಿಯನ್ನೂ ಕರೀತಾರೆ ಅಂತ ಜನ ಹೆದರಿಸುತ್ತಿದ್ದಾರೆ. ನಾಮಕರಣ ಆದ ಮೇಲೆ ಬರೆಸಿದರಾಯ್ತು ಅಂತಾನೆ ಮಗ. ಏನು ಮಾಡಲಿ?

ಉತ್ತರ: ಪತ್ರ ಬಂದ ದಿನವೇ ನಿಮಗೆ ಫೋನ್ ಮಾಡಿ ಹೇಳಿದ್ದನ್ನು ಇಲ್ಲೂ ಬರೆಯುತ್ತಿದ್ದೇನೆ. ಬೇರೆಯವರಿಗೂ ಬೇಕಾಗುತ್ತೆ.

ಹೆದರಬೇಡಿ ಅಮ್ಮ. ಮನೆಯಲ್ಲಿ ಹೆರಿಗೆ ಆಗುವುದು ಅಪರಾಧ ಅಲ್ಲ. ಆದರೆ ಮಗು ಹುಟ್ಟಿದ್ದನ್ನು 21 ದಿನದೊಳಗೆ ತಿಳಿಸಲೇಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆ ಹೇಳುವುದು ಅದನ್ನೇ. ಆಸ್ಪತ್ರೆಯಲ್ಲಾದರೆ ಅವರೇ ತಿಳಿಸುತ್ತಾರೆ. ಮನೆಯಲ್ಲಾದರೆ ಆ ಹೊಣೆ ಮನೆಯ ಯಜಮಾನರದು. ಬಾಯಲ್ಲಿ ಹೇಳಿದರೂ ಸಾಕು.

ನಾಮಕರಣಕ್ಕೆ ಮಾತ್ರ ಕಾಯಬೇಡಿ. ಹೆಸರಿಲ್ಲದೆಯೂ ನೋಂದಣಿ ಆಗುತ್ತೆ. ವರ್ಷದೊಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ.

ನಾನು ಸಕಲೇಶಪುರದ ಕಡೆ ಕೆಲಸದಲ್ಲಿದ್ದಾಗ ಹೀಗೇ ಲೈನ್ ಮನೆಯಲ್ಲಿ ಒಂದು ಗಂಡು ಮಗು ಹುಟ್ಟಿತು. "ಬರೆಸಿದ್ದೀನಿ ಸಿಸ್ಟರ್" ಅಂದರು ಅವರಪ್ಪ. ನಾನು ನಂಬಿದೆ, ಮತ್ತೆ ಕೇಳಲಿಲ್ಲ. ಕೇಸಿನ ಹೆದರಿಕೆಗೆ ಅವರು ಬರೆಸಿಯೇ ಇರಲಿಲ್ಲ. ಶಾಲೆಗೆ ಸೇರಿಸುವಾಗ ಗೊತ್ತಾಯಿತು. ಆಗ ಕೋರ್ಟಿನ ಆದೇಶ ಬೇಕಾಗಿತ್ತು. ಆತ ಕೂಲಿ ಬಿಟ್ಟು ಎಷ್ಟು ಸಲ ಅಲೆದರೋ. ಒಂದು ಮಾತು ಕೇಳಿದ್ದರೆ ಆಗುತ್ತಿತ್ತು ಅಂತ ಇವತ್ತಿಗೂ ನನಗೆ ಸಂಕಟ.

ಈಗಲೂ 21 ದಿನ ದಾಟಿದರೆ ತಡ ಶುಲ್ಕ. 30 ದಿನ ದಾಟಿದರೆ ಮೇಲಧಿಕಾರಿಯ ಅನುಮತಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ, ಆದರೆ ಅದು ಕೋರ್ಟಿನಲ್ಲಿ ಅಲ್ಲ, ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಹಂತದಲ್ಲಿ. 2023ರ ಅಕ್ಟೋಬರ್ 1ರಿಂದ ಈಚೆ ಹುಟ್ಟಿದ ಮಕ್ಕಳಿಗಂತೂ ಶಾಲೆಗೆ, ಆಧಾರ್‌ಗೆ, ಮತದಾರರ ಪಟ್ಟಿಗೆ ಹುಟ್ಟಿದ ದಿನದ ಪುರಾವೆ ಅಂದರೆ ಜನನ ಪ್ರಮಾಣ ಪತ್ರವೇ.

ತಾಯಿ ಕಾರ್ಡ್, ಅಪ್ಪ ಅಮ್ಮನ ಆಧಾರ್ ಹಿಡಿದುಕೊಂಡು ಪಂಚಾಯಿತಿಯಲ್ಲಿ ವಿಚಾರಿಸಿ. ಊರಿನ ಆಶಾ ಕಾರ್ಯಕರ್ತೆಯನ್ನೂ ಕರೆದುಕೊಂಡು ಹೋಗಿ. ದಿನ ತುಂಬುವ ಮೊದಲೇ ಹುಟ್ಟಿದ ಮಗು ಅಲ್ವಾ, ತೂಕ ನೋಡಿಸಿ, ಬಿಸಿಜಿ ಲಸಿಕೆ ಹಾಕಿಸಿ. ಬಾಣಂತಿಗೆ ಜ್ವರ ಬಂದರೆ, ರಕ್ತಸ್ರಾವ ಜಾಸ್ತಿ ಆದರೆ ಒಂದು ದಿನವೂ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.