ಏಲಿಯನ್: ಮೊದಲ ಸಲಕ್ಕೆ ಯಾವುದು?

1979ರ ಬಾಹ್ಯಾಕಾಶದ ಭಯದ ಸಿನಿಮಾ 'ಏಲಿಯನ್' ಇದೇ ಮೊದಲ ಸಲ ನೋಡ್ತಿದ್ದೀನಿ, ಹಳೇದನ್ನೇ ನೋಡಲೋ 2003ರ ಡೈರೆಕ್ಟರ್ಸ್ ಕಟ್ (ನಿರ್ದೇಶಕರೇ ಮತ್ತೆ ಎಡಿಟ್ ಮಾಡಿದ ಆವೃತ್ತಿ) ನೋಡಲೋ, ಶುರು ತುಂಬ ನಿಧಾನವಂತೆ ಹೌದಾ ಅಂತ ಕೇಳಿದ್ದೀರಿ.

ಯೋಚನೆಯೇ ಬೇಡ, 1979ರದ್ದನ್ನೇ ಹಾಕಿ. 2003ರಲ್ಲಿ ನಿರ್ದೇಶಕ ರಿಡ್ಲಿ ಸ್ಕಾಟ್ ಅವರೇ ಕೆಲವು ದೃಶ್ಯ ಸೇರಿಸಿ, ಇನ್ನು ಕೆಲವನ್ನು ಕತ್ತರಿಸಿದರು. ಹಾಗೆ ಸೇರಿದ ಒಂದು ದೃಶ್ಯ ಕೊನೆಯ ಓಟಕ್ಕೆ ಅಡ್ಡ ಬರುತ್ತೆ. ಅದು ಎರಡನೇ ಸಲಕ್ಕಿರಲಿ.

ಶುರು ನಿಧಾನ, ನಿಜ. ಆದ್ರೆ ದಯವಿಟ್ಟು ಓಡಿಸಬೇಡಿ, ಭಯದ ಬೇರು ಇರೋದೇ ಅಲ್ಲಿ. ಯಾರೂ ಕಾಣದ ಬಾಹ್ಯಾಕಾಶ ನೌಕೆಯಲ್ಲಿ ಕ್ಯಾಮೆರಾ ಮೆಲ್ಲಗೆ ಸರಿಯುತ್ತೆ. ಕಂಪ್ಯೂಟರ್ ತಾನಾಗೇ ಎಚ್ಚರವಾಗುತ್ತೆ, ಅದರ ಬೆಳಕು ಖಾಲಿ ಹೆಲ್ಮೆಟ್ಟಿನ ಗಾಜಿನ ಮೇಲೆ ಮಿನುಗುತ್ತೆ. ಆಮೇಲೆ ನಿದ್ದೆಯಿಂದೆದ್ದ ಏಳು ಜನ ತಿಂಡಿ ತಿಂತಾ ಬೋನಸ್ ವಿಚಾರಕ್ಕೆ ಗೊಣಗ್ತಾರೆ. ವೀರರಲ್ಲ, ಕೂಲಿಗೆ ಬಂದವರು. ಅವರು ನಮ್ಮವರಂತೆ ಅನಿಸಿಬಿಟ್ಟರೆ ಮುಂದಿನದೆಲ್ಲ ಎದೆಗೇ ತಾಗುತ್ತೆ.

ಇನ್ನೊಂದು: ಊಟದ ಮೇಜಿನ ದೃಶ್ಯ ಬಂದಾಗ ಸುತ್ತ ನಿಂತವರ ಮುಖಗಳನ್ನು ನೋಡಿ. ಎಷ್ಟು ಭೀಕರವಾಗಿರುತ್ತೆ ಅನ್ನೋದನ್ನ ಆ ನಟರಿಗೆ ಪೂರ್ತಿ ಹೇಳಿರಲಿಲ್ಲ. ಟ್ರೇಲರ್ ನೋಡಬೇಡಿ. ದೀಪ ಆರಿಸಿ, ಹೆಡ್‌ಫೋನ್ ಹಾಕ್ಕೊಳ್ಳಿ. ನೋಡಿದ ಮೇಲೆ ಹೇಗನಿಸ್ತು ಅಂತ ಖಂಡಿತ ಬರೀರಿ, ಕಾಯ್ತಿರ್ತೀನಿ.