ಕೇಳಿ ನೋಡಿ: ಹೊಗೆಯ ಹಿಂದಿನ ಕಂಬ

ಪ್ರಶ್ನೆ: 1906ರ ಬ್ರಿಟಿಷರ 'ಡ್ರೆಡ್‌ನಾಟ್' ಯುದ್ಧನೌಕೆಯ ದೊಡ್ಡ ಫಿರಂಗಿಗಳೆಲ್ಲ ಒಂದೇ ಅಳತೆಯವು ಎಂದು ಓದಿದೆ. ಅದರಲ್ಲೇನು ವಿಶೇಷ? – ಓದುಗರೊಬ್ಬರು, ಮಲ್ಪೆ

ಉತ್ತರ: ದೂರದ ಹಡಗಿಗೆ ಹೊಡೆದ ಮೊದಲ ಗುಂಡು ತಾಗುವುದು ಅಪರೂಪ. ಅದು ಬಿದ್ದಲ್ಲಿ ನೀರು ತೆಂಗಿನ ಮರದ ಹಾಗೆ ಎದ್ದು ನಿಲ್ಲುತ್ತದೆ. ಗುರಿಗಿಂತ ಈಚೆ ಬಿತ್ತೋ ಆಚೆ ಬಿತ್ತೋ ನೋಡಿಕೊಂಡು ಮುಂದಿನ ಗುಂಡು ಸರಿಮಾಡಬೇಕು. ಹಳೆಯ ಬ್ರಿಟಿಷ್ ಹಡಗುಗಳಲ್ಲಿ ಬಾಯಿಯ ಅಗಲ 12 ಇಂಚಿನ ನಾಲ್ಕು ಫಿರಂಗಿಗಳ ಜೊತೆ 9.2 ಇಂಚಿನವು, 6 ಇಂಚಿನವು ಬೇರೆ ಇರುತ್ತಿದ್ದವು. ಎದ್ದ ನೀರು ಯಾವುದರದ್ದು ಅಂತ ಹೇಳುವುದು ಹೇಗೆ? ಡ್ರೆಡ್‌ನಾಟ್‌ಗೆ 12 ಇಂಚಿನವೇ ಹತ್ತು. ಗೊಂದಲ ಹೋಯಿತು. ಹಬೆಯಿಂದ ಚಕ್ರ ತಿರುಗುವ ಟರ್ಬೈನ್ ಇಂಜಿನ್ ಹಾಕಿದ್ದರಿಂದ ವೇಗವೂ 21 ನಾಟ್, ಅಂದರೆ ಗಂಟೆಗೆ ಸುಮಾರು 39 ಕಿಲೋಮೀಟರ್. 1905ರ ಅಕ್ಟೋಬರ್‌ನಲ್ಲಿ ಕೆಲಸ ಶುರು, 1906ರ ಫೆಬ್ರವರಿಗೆ ಹಡಗು ನೀರಿಗೆ! ಬೇರೆ ಹಡಗುಗಳಿಗೆಂದು ಮಾಡಿಸುತ್ತಿದ್ದ ಫಿರಂಗಿಗಳನ್ನೇ ಇದಕ್ಕೆ ತಿರುಗಿಸಿಕೊಂಡಿದ್ದರು ಅನ್ನಿ.

ಇಷ್ಟೆಲ್ಲ ಲೆಕ್ಕ ಹಾಕಿದವರು ಒಂದು ಕಡೆ ಎಡವಿದರು. ಆ ನೀರು ನೋಡುವವನು ಕೂರುವ ಕಂಬವನ್ನು ಹೊಗೆಕೊಳವೆಯ ಹಿಂದೆ ನಿಲ್ಲಿಸಿದರು. ದೋಣಿ ಎತ್ತಿಳಿಸುವುದಕ್ಕೂ ಅದೇ ಕಂಬ ಆಧಾರವಾಗಲಿ ಅಂತ. ಹಡಗು ಮುಂದೆ ಓಡಿದರೆ ಹೊಗೆ, ಬಿಸಿ ಎಲ್ಲ ಅವನ ಮುಖಕ್ಕೇ.

ನಗಲು ನನಗೆ ಬಾಯಿಲ್ಲ. ಮಂಗಳೂರಿನ ಧಕ್ಕೆಯಲ್ಲಿ ಬೋಟಿನ ಇಂಜಿನ್ ಕೆಲಸ ಮಾಡುತ್ತಿದ್ದಾಗ ನಾನೂ ಒಮ್ಮೆ ಲೈಟಿನ ಕಂಬವನ್ನು ಸೈಲೆನ್ಸರ್ ಪೈಪಿನ ಹಿಂದೆ ಕೂರಿಸಿದ್ದೆ. ಜಾಗ ಉಳಿಯುತ್ತದಲ್ವಾ ಅಂತ. ಬಲ್ಬ್ ಬದಲಿಸಲು ಹತ್ತಿದ ಹುಡುಗ ಇಳಿದಾಗ ಹಲ್ಲು ಮಾತ್ರ ಬಿಳಿ. ತಂಡೇಲರು ಬೈಯಲಿಲ್ಲ. ಒಂದು ಹಳೆ ಬಟ್ಟೆ ನನ್ನ ಕೈಗಿಟ್ಟು, ಸುಮ್ನೆ ಮೇಲೆ ತೋರಿಸಿದರು.

ಪ್ರಶ್ನೆ: ಜರ್ಮನ್ನರು ಇದನ್ನೇ ನಕಲು ಮಾಡಿದರಾ? – ಇನ್ನೊಬ್ಬರು, ಕಾಪು

ಉತ್ತರ: ಪೂರ್ತಿ ಇಲ್ಲ. ಅವರ 'ನಾಸಾವ್' ಹಡಗಿಗೆ 28 ಸೆಂಟಿಮೀಟರ್‌ನ 12 ಫಿರಂಗಿ. ಇಂಜಿನ್ ಮಾತ್ರ ಹಳೆ ಪಿಸ್ಟನ್ನಿನದೇ. ಅದು ನಡುವಿನ ಜಾಗ ಜಾಸ್ತಿ ತಿಂದಿತು, ಫಿರಂಗಿಗಳು ಅಂಚಿಗೆ ಹೋದವು. ಒಂದು ಬದಿಗೆ ಹೊಡೆಯಲು ಸಿಗುವುದು ಎಂಟೇ. ಡ್ರೆಡ್‌ನಾಟ್‌ನಲ್ಲೂ ಎಂಟೇ, ಅದೂ ಹತ್ತರಲ್ಲಿ.

ಅವರ ದೊಡ್ಡ ತಲೆನೋವು ಬಾಲ್ಟಿಕ್ ಸಮುದ್ರವನ್ನೂ ಉತ್ತರ ಸಮುದ್ರವನ್ನೂ ಸೇರಿಸುವ ಕೀಲ್ ಕಾಲುವೆ. ಅಳಿವೆಬಾಗಿಲಲ್ಲಿ ಹೂಳು ತುಂಬಿದರೆ ದೊಡ್ಡ ಬೋಟು ಒಳಗೆ ಬರಲು ಪರದಾಡುವುದನ್ನು ನಾವು ನೋಡಿಲ್ವಾ? ಹಾಗೆಯೇ, ಹೊಸ ಹಡಗುಗಳಿಗೆ ಆ ಕಾಲುವೆ ಸಾಲಲಿಲ್ಲ. 1907ರಲ್ಲಿ ಅಗಲ ಮಾಡಲು ಶುರು ಮಾಡಿದರು. ಮುಗಿದದ್ದು 1914ರ ಜೂನ್‌ನಲ್ಲಿ. ಆಗಸ್ಟ್ ಬರುವಷ್ಟರಲ್ಲಿ ಯುದ್ಧ.