ಹತ್ತಿದ್ದಕ್ಕಲ್ಲ, ಇಳಿದಿದ್ದಕ್ಕೆ ಈ ನೋವು

ಪ್ರಶ್ನೆ: ಬೆಟ್ಟ ಹತ್ತುವಾಗ ಏದುಸಿರು ಬಂತು, ಆದರೆ ಕಾಲು ನೋಯಲಿಲ್ಲ. ಆರಾಮಾಗಿ ಇಳಿದು ಬಂದೆ. ಮರುದಿನ ತೊಡೆ ಮುಟ್ಟೋಕೂ ಆಗದಷ್ಟು ನೋವು. ಇಳಿಯುವಾಗ ಸ್ನಾಯು ಸಡಿಲವಾಗಿರುತ್ತೆ ಅಲ್ವಾ? ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ, ಮಸಾಜ್ ಮಾಡಿ ಹಿಂಡಿ ತೆಗೆಯಬೇಕು ಅಂತಾರೆ. ಮಾಡಿಸಲಾ?

ಉತ್ತರ: ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಪ್ರತಿ ಸಲವೂ ಲ್ಯಾಕ್ಟಿಕ್ ಆಸಿಡ್ ಜೊತೆಗೇ ಬರುತ್ತದೆ. ಮೊದಲು ಅದನ್ನು ತಲೆಯಿಂದ ತೆಗೆಯಿರಿ. ಶ್ರಮ ಪಟ್ಟಾಗ ಏರಿದ ಲ್ಯಾಕ್ಟೇಟ್ (ದೇಹದೊಳಗೆ ಲ್ಯಾಕ್ಟಿಕ್ ಆಸಿಡ್ ಇರುವ ರೂಪ) ಒಂದೆರಡು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಬರುತ್ತದೆ. ನಿಮ್ಮ ನೋವು ಶುರುವಾದದ್ದೇ ಮರುದಿನ. ಅಷ್ಟೇ ಅಲ್ಲ, ಲ್ಯಾಕ್ಟೇಟ್ ಜಾಸ್ತಿ ಏರುವುದು ಹತ್ತುವಾಗ. ಆಗಲೇ ಖಾಲಿಯಾದದ್ದನ್ನು ಹಿಂಡಿ ತೆಗೆಯುತ್ತೇವೆ ಅಂತ ದುಡ್ಡು ಕೇಳುವವರನ್ನು ನಂಬಬೇಡಿ.

ತಪ್ಪಿಗೆ ನಮ್ಮ ಪದವೂ ಕಾರಣ. ಶಾಲೆಯಲ್ಲಿ ‘ಸ್ನಾಯು ಸಂಕೋಚನ’ ಅಂತ ಓದುತ್ತೇವೆ. ಸಂಕೋಚನ ಅಂದರೆ ಕುಗ್ಗುವುದು. ಹಾಗಾಗಿ ಕುಗ್ಗಿದರೆ ಕೆಲಸ, ಉದ್ದವಾದರೆ ವಿಶ್ರಾಂತಿ ಅಂದುಕೊಂಡುಬಿಡುತ್ತೇವೆ. ಆದರೆ ಸ್ನಾಯುವಿನ ಕೆಲಸ ಎಳೆಯುವುದು. ಎಳೆಯುತ್ತಲೇ ಅದು ಗಿಡ್ಡವಾಗಬಹುದು, ಇದ್ದ ಹಾಗೇ ಇರಬಹುದು, ಉದ್ದವೂ ಆಗಬಹುದು. ಭಾರದ ಮೂಟೆಯನ್ನು ಹಗ್ಗ ಕಟ್ಟಿ ಕೆಳಗಿಳಿಸುವಾಗ ಹಗ್ಗವನ್ನು ಬಿಗಿಯಾಗಿ ಹಿಡಿದೇ ಸ್ವಲ್ಪ ಸ್ವಲ್ಪ ಬಿಡುತ್ತೀರಿ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಮಾಡುವುದೂ ಅದನ್ನೇ. ಅದು ಸಡಿಲವಾಗಿದ್ದಿದ್ದರೆ ಮೊದಲ ಹೆಜ್ಜೆಗೇ ಮಂಡಿ ಕುಸಿದು ಬೀಳುತ್ತಿದ್ದಿರಿ.

ಒಳಗೆ ಏನಾಗುತ್ತದೆ ನೋಡಿ. ಸ್ನಾಯುವಿನ ಎಳೆಯಲ್ಲಿ ಸಾರ್ಕೊಮಿಯರ್ ಎಂಬ ತುಣುಕುಗಳು ಸಾಲಾಗಿ ಜೋಡಿಸಿಕೊಂಡಿರುತ್ತವೆ. ಸುಮಾರು 400 ಸೇರಿದರೆ ಒಂದು ಮಿಲಿಮೀಟರ್. ಒಂದೊಂದರಲ್ಲೂ ಮಯೋಸಿನ್‌ನ ದಪ್ಪ ತಂತುಗಳು, ಆಕ್ಟಿನ್‌ನ ತೆಳು ತಂತುಗಳು. ಎರಡೂ ಪ್ರೋಟೀನುಗಳೇ. ಈ ತಂತುಗಳು ಗಿಡ್ಡವಾಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ ಅಂತ 1954ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ತೋರಿಸಿದವು. ಒಂದರಲ್ಲಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್‌ಗರ್ಕೆ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್. ಹಕ್ಸ್‌ಲಿಗಳಿಬ್ಬರೂ ಸಂಬಂಧಿಕರಲ್ಲ.

ನರದಿಂದ ಸಂದೇಶ ಬಂದರೆ ಎಳೆಯೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗಿ, ಆಕ್ಟಿನ್ ಮೇಲೆ ಮುಚ್ಚಿದ್ದ ಜಾಗ ತೆರೆಯುತ್ತದೆ. ಮಯೋಸಿನ್‌ನ ಪುಟ್ಟ ತಲೆಗಳು ಅಲ್ಲಿ ಹಿಡಿಯುತ್ತವೆ, ಎಳೆಯುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ಹಿಡಿತ ಬಿಡಬೇಕಾದರೆ ಎಟಿಪಿ, ಅಂದರೆ ಜೀವಕೋಶದ ಇಂಧನ, ಬಂದು ಕೂರಬೇಕು. ಸತ್ತ ಮೇಲೆ ದೇಹ ಸೆಟೆದುಕೊಳ್ಳುವುದು ಎಟಿಪಿ ಮುಗಿದು ಹಿಡಿತ ಬಿಡಲಾಗದೆ.

ಇಳಿಯುವಾಗ ಕತೆ ಬೇರೆ. ತಲೆಗಳು ಹಿಡಿದಿರುವಾಗಲೇ ದೇಹದ ಭಾರ ತಂತುಗಳನ್ನು ಹಿಂದಕ್ಕೆ ಜಗ್ಗುತ್ತದೆ. ಎಷ್ಟೋ ತಲೆಗಳು ಎಟಿಪಿ ಖರ್ಚಿಲ್ಲದೇ ಕಿತ್ತು ಬರುತ್ತವೆ. ಟೈಟಿನ್ ಎಂಬ ಪ್ರೋಟೀನು ಸ್ಪ್ರಿಂಗ್‌ನ ಹಾಗೆ ಬಿಗಿಯುತ್ತದೆ. ಅದಕ್ಕೇ ಉದ್ದವಾಗುತ್ತಿರುವ ಸ್ನಾಯು ಗಿಡ್ಡವಾಗುವ ಸ್ನಾಯುವಿಗಿಂತ ಜಾಸ್ತಿ ಬಲ ಕೊಡುತ್ತದೆ, ಖರ್ಚು ಮಾತ್ರ ಕಮ್ಮಿ. 1952ರಲ್ಲಿ ಆಬಟ್, ಬಿಗ್ಲಂಡ್ ಮತ್ತು ರಿಚಿ ಎಂಬ ವಿಜ್ಞಾನಿಗಳು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಮಾಡಿ ಒಂದೇ ಚೈನಿನಿಂದ ಜೋಡಿಸಿದರು. ಒಬ್ಬರು ತುಳಿಯಬೇಕು, ಇನ್ನೊಬ್ಬರು ಪೆಡಲನ್ನು ತಡೆಯಬೇಕು. ಇಬ್ಬರದೂ ಒಂದೇ ಬಲ. ಆದರೂ ತಡೆದವರಿಗೆ ಬೇಕಾದ ಆಮ್ಲಜನಕ ತುಂಬಾ ಕಮ್ಮಿ. ನನಗೆ ಈ ಪ್ರಯೋಗ ಅಂದರೆ ಇಂದಿಗೂ ಬಹಳ ಇಷ್ಟ.

ನಿಮಗೆ ಇಳಿಯುವಾಗ ಏದುಸಿರು ಬರದಿದ್ದದ್ದು ಇದಕ್ಕೇ. ನೋವೂ ಇಲ್ಲಿಂದಲೇ. ಒಂದೊಂದು ಎಳೆಯ ಬಲ ಜಾಸ್ತಿಯಾದ್ದರಿಂದ ಕಡಿಮೆ ಎಳೆಗಳೇ ಕೆಲಸಕ್ಕಿಳಿದು ಜಾಸ್ತಿ ಭಾರ ಹೊರುತ್ತವೆ. ಕೆಲವು ಸಾರ್ಕೊಮಿಯರ್‌ಗಳು ಮಿತಿ ಮೀರಿ ಹಿಗ್ಗಿ ಕೆಡುತ್ತವೆ. ರಿಪೇರಿ ನಡೆಯುವಾಗ ಸ್ವಲ್ಪ ಊದಿಕೊಂಡು, ಒಂದರಿಂದ ಮೂರು ದಿನದೊಳಗೆ ನೋವು ಜೋರಾಗುತ್ತದೆ. ಆಮೇಲೆ ತಾನಾಗಿಯೇ ಇಳಿಯುತ್ತದೆ. ಸುಮ್ನೆ ಮಲಗಬೇಡಿ, ನಿಧಾನವಾಗಿ ಓಡಾಡಿ. ಮಸಾಜ್ ಹಿತವಾಗಿದ್ದರೆ ಮಾಡಿಸಿ, ಏನೋ ಹೊರಬರುತ್ತದೆ ಅಂತ ಮಾಡಿಸಬೇಡಿ.

ಮುಂದಿನ ಸಲಕ್ಕೆ, ಕೆಲವು ದಿನ ಮೊದಲೇ ಸ್ವಲ್ಪ ಇಳಿಜಾರು ಇಳಿದು ಅಭ್ಯಾಸ ಮಾಡಿಕೊಳ್ಳಿ. ಒಮ್ಮೆ ಹೀಗೆ ನೊಂದ ಸ್ನಾಯು ಕೆಲವು ವಾರಗಳವರೆಗೆ ಅಷ್ಟು ಸುಲಭವಾಗಿ ನೋಯುವುದಿಲ್ಲ. ಹೊಸಬರಿಗೆ ಮೊದಲ ದಿನ ಭಾರ ನಿಧಾನವಾಗಿ ಇಳಿಸುವ ವ್ಯಾಯಾಮವನ್ನು ನಾನು ತೀರಾ ಕಮ್ಮಿ ಕೊಡುತ್ತೇನೆ. ಹೆದರಿಸುತ್ತೀರಿ ಅಂತ ಬೈಸಿಕೊಂಡಿದ್ದೇನೆ, ಆದರೂ ಬದಲಾಯಿಸುವುದಿಲ್ಲ. ನೋವಿನ ಜೊತೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಕಿಡ್ನಿಗೆ ತೊಂದರೆಯಾಗುವ ಅಪಾಯವಿದೆ. ಅದೇ ದಿನ ಆಸ್ಪತ್ರೆಗೆ ಹೋಗಿ, ಕಾಯಬೇಡಿ.

ಪ್ರಶ್ನೆ: ವ್ಯಾಯಾಮ ಬಿಟ್ಟರೆ ಸ್ನಾಯು ಕೊಬ್ಬಾಗಿ ಬದಲಾಗುತ್ತಾ?

ಉತ್ತರ: ಇಲ್ಲ. ಸ್ನಾಯು ಸೊರಗುತ್ತದೆ, ಊಟ ಅಷ್ಟೇ ಇದ್ದರೆ ಕೊಬ್ಬು ಬೇರೆಯಾಗಿ ಸೇರುತ್ತದೆ.

ಪ್ರಶ್ನೆ: ಕರೆಂಟ್ ಬೆಲ್ಟ್ ಕಟ್ಟಿಕೊಂಡು ಕೂತರೆ ಹೊಟ್ಟೆ ಕರಗುತ್ತಾ?

ಉತ್ತರ: ಸ್ನಾಯು ಅದುರುತ್ತದೆ, ಹೊಟ್ಟೆ ಕರಗುವುದಿಲ್ಲ.

ಪ್ರಶ್ನೆ: ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ನರ ಬಿಡಿಸುವವರ ಹತ್ತಿರ ಹೋಗಲಾ?

ಉತ್ತರ: ಖಂಡಿತ ಬೇಡ. ಹಿಡಿದುಕೊಂಡಿರುವುದು ಸ್ನಾಯು. ಮಂಡಿ ನೇರ ಮಾಡಿ, ಕಾಲ್ಬೆರಳುಗಳನ್ನು ನಿಮ್ಮ ಕಡೆಗೆ ಎಳೆದು ಹಿಡಿಯಿರಿ. ಪದೇ ಪದೇ ಆಗುತ್ತಿದ್ದರೆ ನೀವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಹಿಡಿದು ವೈದ್ಯರನ್ನು ನೋಡಿ.